ತೆಗೆದದ್ದಕ್ಕೆ ಕೂಲಿಯಿಲ್ಲ

ಇಲೊಯ್ಲೊ ನಗರದ ಹಾರೊ ಪೇಟೆಯಲ್ಲಿ
ಬೇಕರಿಯ ಮೇಲಿನ ಕೋಣೆ ನನ್ನದು.
ರಾತ್ರಿ ಹತ್ತಕ್ಕೆ ನನಗೆ ಬೆಳಗು.
ಮ್ಯಾನಿಟೋಬಾದಲ್ಲಿ ಗಾರ್ತ್
ಆಗಷ್ಟೇ ಬೂಟು ಕಟ್ಟುತ್ತಿರುತ್ತಾನೆ.

ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು
ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು
ಗಾಳ ಬಿಡುವುದು ಅವನ ಕಸುಬು.
ಕೂತದ್ದನ್ನು ಕತ್ತರಿಸುವುದು ನನ್ನದು.
ಐಸು ನಾನು ಕಂಡದ್ದು ಲೋಟದಲ್ಲಿ ಮಾತ್ರ,
ಆದರೂ ಕಣ್ಣು ಮುಚ್ಚಿ ಹೇಳಬಲ್ಲೆ
ಯಾವ ದಪ್ಪಕ್ಕೆ ಯಾವ ಸದ್ದೆಂದು:
ತೆಳುವಾದರೆ ಕೀರಲು,
ದಪ್ಪವಾದರೆ ದೂರದಲ್ಲೆಲ್ಲೋ
ಯಾರೋ ಬಾಗಿಲು ಹಾಕಿಕೊಂಡ ಹಾಗೆ.

ಮುಗಿದ ನಿಮಿಷಕ್ಕೆ ಹನ್ನೆರಡು ಡಾಲರು, ಅದು ಕರಾರು.
ಆರು ಗಂಟೆ ಅವನು ಕಳಿಸುತ್ತಾನೆ,
ಒಂಬತ್ತು ನಿಮಿಷ ನಾನು ಹಿಂದಿರುಗಿಸುತ್ತೇನೆ.
ಒಂಬತ್ತಕ್ಕೆ ಕೂಲಿ.
ಉಳಿದ ಐದು ಗಂಟೆ ಐವತ್ತೊಂದು ನಿಮಿಷ
ನೋಡಿದ್ದು, ಕೇಳಿದ್ದು, ಬೇಡವೆಂದದ್ದು
ಯಾವ ಲೆಕ್ಕಕ್ಕೂ ಸೇರದು.
ಕಲ್ಲು ಆರಿಸಿದವಳಿಗೆ
ಅಕ್ಕಿಯ ತೂಕದಲ್ಲಿ ಸಂಬಳ.

ಡಿಂಡೊ ನನಗೆ ಈ ವಿದ್ಯೆ ಕಲಿಸಿದಾಗ
ಒಂದು ಸಾಫ್ಟ್‌ವೇರ್ ಬಂದರೆ ಸಾಕಿತ್ತು, ಗಂಟೆಗೆ ಹತ್ತು.
ಈಗಿನ ಜಾಹೀರಾತು ಕೇಳುತ್ತದೆ:
ಕತ್ತರಿಸಲು ಒಂದು, ಬಣ್ಣಕ್ಕೊಂದು,
ಅಕ್ಷರ ಕುಣಿಸಲು ಇನ್ನೊಂದು,
ಸದ್ದು ತೊಳೆಯಲು ಮತ್ತೊಂದು,
ಜೊತೆಗೆ ಉತ್ಸಾಹವೂ ಬೇಕಂತೆ.
ಅದು ಯಾವ ಕಂಪನಿಯದೋ, ನನ್ನಲ್ಲಿಲ್ಲ.
ಗಂಟೆಗೆ ಐದು. ಮೊದಲ ವಿಡಿಯೊ ಪುಕ್ಕಟೆ, ಪರೀಕ್ಷೆಗೆ.

ಬೇಡಿಕೆ ಏರಿದೆ ಎನ್ನುತ್ತಾರೆ. ಸುಳ್ಳಲ್ಲ.
ಹೋದ ವಾರ ಒಂದು ಕೆಲಸಕ್ಕೆ
ನಾನು ನಾನ್ನೂರ ಮೂರನೆಯವಳು,
ನನ್ನ ಹಿಂದೆ ಆಗಲೇ ಒಂಬತ್ತು ಜನ.
ಗಿರಾಕಿಯೂ ಹೆಚ್ಚು, ಬುಟ್ಟಿಯೂ ಹೆಚ್ಚು,
ಕೆಳಗಿಳಿದದ್ದು ತಕ್ಕಡಿಯ ನಮ್ಮ ಕಡೆಯ ತಟ್ಟೆ.

ಮಾರ್ಚಿನಲ್ಲಿ ಗಾರ್ತ್ ಬರೆದ:
ರೊಡೋರಾ, ಇನ್ನು ಮೌನ ತೆಗೆಯಲು ಯಂತ್ರವಿದೆ,
ಒಂದೇ ಗುಂಡಿ. ಉಳಿದದ್ದು ನೀನು ನೋಡಿಕೊ.
ನಿಮಿಷಕ್ಕೆ ಆರು ಮಾಡೋಣ. ತಪ್ಪು ತಿಳಿಯಬೇಡ.
ಕೆಟ್ಟವನಲ್ಲ. ನೋಡುವವರು ಅವನಿಗೂ ಇಳಿದಿದ್ದಾರೆ,
ಮನೆಯ ಕಂತು ಅವನಿಗೂ ಇದೆ.
ಆಗಲಿ ಎಂದೆ.
ಎಂದಾದ ಮೇಲೆ ಒಂದು ತಾಸು
ಪಾತ್ರೆ ತೊಳೆದೆ, ತೊಳೆದದ್ದನ್ನೇ.

ಯಂತ್ರ ಕಳಿಸಿದ್ದನ್ನು ಹಾಕಿ ನೋಡಿದರೆ
ಉಸಿರೇ ಇಲ್ಲದ ಮನುಷ್ಯ.
ಗಾಳ ಇಳಿಯಿತು ಮೀನು ಬಂತು,
ಇಳಿಯಿತು ಬಂತು, ನಡುವೆ ಕೆರೆಯೇ ಇಲ್ಲ.
ಒಂದು ಕಡೆ ಅವನೆನ್ನುತ್ತಾನೆ
"ಎಲ್ಲರಿಗೂ ನಮಸ್ಕಾರ ಇವತ್ತು ಕಚ್ಚುತ್ತಿಲ್ಲ".
ಅನುಮಾನವಾಗಿ ಮೂಲ ತೆರೆದೆ.

ನಮಸ್ಕಾರವೆಂದವನು ಪಕ್ಕಕ್ಕೆ ತಿರುಗುತ್ತಾನೆ.
ಅಲ್ಲಿ ಎರಡನೆಯ ಬಕೆಟ್ಟು, ಅದೂ ಬೋರಲು.
ಮೂರು ಚಳಿಗಾಲ ಅದರ ಮೇಲೆ ಕೂತದ್ದು
ಅವನ ಅಣ್ಣ ಮರ್ವಿನ್.
ಆತನ ಕೆಮ್ಮನ್ನೆಲ್ಲ ತೆಗೆದವಳು ನಾನೇ,
ವಾರವಾರಕ್ಕೂ ಹೆಚ್ಚುತ್ತಿದ್ದ ಕೆಮ್ಮು.
ಹನ್ನೊಂದು ಸೆಕೆಂಡು ನೋಡುತ್ತಾನೆ ಗಾರ್ತ್.
ಐಸು ಬಾಗಿಲು ಹಾಕಿಕೊಳ್ಳುತ್ತದೆ.
ಆಮೇಲೆ,
"ಇವತ್ತು ಕಚ್ಚುತ್ತಿಲ್ಲ".

ಹನ್ನೊಂದನ್ನೂ ತಂದು ಮತ್ತೆ ಕೂರಿಸಿದೆ.
ಲೆಕ್ಕ ಹಾಕಿದೆ, ಅಭ್ಯಾಸ ನೋಡಿ:
ಒಂದು ಡಾಲರು ಹತ್ತು ಸೆಂಟು.
ಕೆಳಗಿನ ಓಣಿಯ ಒಂದು ಬಟ್ಟಲು ಬ್ಯಾಚೊಯ್‌ಗೆ
ಸ್ವಲ್ಪ ಕಡಿಮೆ.
ಏಳು ವರ್ಷದಲ್ಲಿ ಮೊದಲ ಸಲ
ಸುಮ್ಮನಿದ್ದುದಕ್ಕೆ ದುಡ್ಡು ಬಂದಿತ್ತು.

ಎರಡು ದಿನ ಅವನಿಂದ ಮಾತಿಲ್ಲ.
ಮೂರನೆಯ ರಾತ್ರಿ ಕರೆಂಟು ಹೋಗಿ
ಯುಪಿಎಸ್ ಕೀರಲು ಹತ್ತಿದಾಗ
ಒಂದೇ ಪದ ಬಂತು: ಇರಲಿ.
ದರದ ಸುದ್ದಿ ಎತ್ತಲಿಲ್ಲ ಅವನು. ನಾನೂ.

ನಾಲ್ಕಕ್ಕೆ ಕೆಳಗೆ ಒಲೆ ಹೊತ್ತಿ
ಪಾಂಡೆಸಾಲ್ ವಾಸನೆ ಮೆಟ್ಟಿಲು ಹತ್ತುತ್ತದೆ.
ಹೊಸ ಜಾಹೀರಾತು: ನಾರ್ವೆಯ ಯಾರೋ, ಜೇನು ಸಾಕುವವರು.
ನಿಮ್ಮ ದರ ಎಷ್ಟು, ಎನ್ನುತ್ತದೆ ಖಾಲಿ ಚೌಕ.
ಐದು ಬರೆದೆ. ಅಳಿಸಿದೆ.
ಒಂಬತ್ತು ಬರೆದು
ಕಳಿಸುವ ಮುಂಚೆ
ಎಷ್ಟು ಹೊತ್ತು ಕೂತೆನೆಂದು ಯಾರೂ ಅಳೆಯಲಿಲ್ಲ.